ಕುಟುಂಬ ಪ್ರವಾಸ: ಸಮಪಾಲು ನ್ಯಾಯವಾಗುವುದೇ?

ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಗಲ್ಫ್‌ನಿಂದ ಅಣ್ಣ ಬಂದಿರುತ್ತಾನೆ. ಬೆಂಗಳೂರಿನಿಂದ ತಮ್ಮ ಬರುತ್ತಾನೆ. ಮದುವೆಯಾಗಿ ಹೋದ ಸಹೋದರಿಯರು ಮಕ್ಕಳೊಂದಿಗೆ ತವರಿಗೆ ಬರುತ್ತಾರೆ. ಎಲ್ಲರೂ ಸೇರಿ ಎಲ್ಲಿಗಾದರೂ ಹೋಗಿ ಬರೋಣವೆಂದು ಯಾರಾದರೊಬ್ಬರು ಹೇಳುತ್ತಾರೆ. ಕೂಡಲೇ ವಾಟ್ಸ್ಯಾಪ್‌ನಲ್ಲಿ ಒಂದು ಗ್ರೂಪ್ ಆಗುತ್ತದೆ. ಟೆಂಪೋ ಟ್ರಾವೆಲರ್‌ನ ಬಾಡಿಗೆ, ಲಾಡ್ಜ್‌ನ ಖರ್ಚು, ಊಟ, ತಿಂಡಿ ಎಲ್ಲವನ್ನೂ ಕೂಡಿಸಿ ಭಾಗಿಸಿ ತಲೆಗಿಷ್ಟು ಎಂದು ಒಂದು ಮೊತ್ತವನ್ನು ನಿಗದಿಪಡಿಸಲಾಗುತ್ತದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಇದಕ್ಕಿಂತ ನ್ಯಾಯಯುತವಾದ ವ್ಯವಸ್ಥೆ ಬೇರೊಂದಿದೆಯೇ ಎಂದು ನಮಗೆ ತೋರುತ್ತದೆ.

ಆದರೆ ಈ ಸಮಪಾಲು ನಿಜವಾಗಿಯೂ ನ್ಯಾಯವೇ? ಕುಟುಂಬ ಸಂಬಂಧವನ್ನು ಬೆಸೆಯಲಿಕ್ಕೆಂದು ಹೊರಟ ಪ್ರವಾಸವೇ ಕೆಲವೊಮ್ಮೆ ಆ ಸಂಬಂಧವನ್ನು ಕತ್ತರಿಸುವ ಕತ್ತಿಯಾಗುವುದಿಲ್ಲವೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಹೆಕ್ಕಿಕೊಂಡದ್ದಲ್ಲ. ನನ್ನ ತಪ್ಪಿನಿಂದಲೇ ಅದು ನನ್ನೆದುರು ಬಂದು ನಿಂತಿತು. ಇತರರಿಗೆ ಪಾಠವಾದೀತೆಂಬ ಕಾರಣಕ್ಕೆ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಎಪ್ರಿಲ್ ತಿಂಗಳಲ್ಲಿ ನಮ್ಮ ಕುಟುಂಬ ಜೋಗಕ್ಕೆ ಹೊರಟಿತು. ಲೆಕ್ಕ ಹಾಕಿದವನು ನಾನೇ. ತಲೆಗೆ ನಾಲ್ಕು ಸಾವಿರ ರೂಪಾಯಿ. ನಮ್ಮ ಅಕ್ಕ ವಿಧವೆ. ಹೊಲಿಗೆ ಕೆಲಸದಿಂದ ಮೂರು ಮಕ್ಕಳನ್ನು ಸಾಕುತ್ತಿದ್ದಾರೆ. ಅವರ ಪಾಲಿಗೆ ಹದಿನಾರು ಸಾವಿರವಾಯಿತು. ಎರಡು ದಿನಗಳ ನಂತರ ಅವರು, ದೊಡ್ಡ ಮಗನಿಗೆ ಟ್ಯೂಷನ್ ಇದೆ, ನೀವೆಲ್ಲ ಹೋಗಿ ಬನ್ನಿ ಎಂದರು. ನಾವು ಛೆ ಛೆ ಎಂದೆವು, ಬೇಸರ ವ್ಯಕ್ತಪಡಿಸಿದೆವು, ಹೊರಟೆವು. ಒಬ್ಬರೂ ಎರಡನೆಯ ಸಲ ಕೇಳಲಿಲ್ಲ.

ಕೆಲವು ತಿಂಗಳ ಬಳಿಕ ಅವರ ಮನೆಗೆ ಹೋಗಿದ್ದಾಗ ಕಿರಿಯ ಮಗಳು ನನ್ನ ಬಳಿ ಬಂದು ಕೇಳಿದಳು: "ಮಾಮ, ಜೋಗದಲ್ಲಿ ನೀರಿತ್ತಾ?"

ಜೋಗದಲ್ಲಿ ಶರಾವತಿಯು 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುತ್ತದೆ. ಆದರೆ ಅದರ ವೈಭವ ಮಳೆಗಾಲದ್ದು. ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ತಡೆದಿರುವುದರಿಂದ ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಕಪ್ಪು ಬಂಡೆ ಮತ್ತು ನೂಲಿನಂತಹ ನೀರು. ನಾನು, ಹೆಚ್ಚೇನೂ ಇರಲಿಲ್ಲ ಮಗಳೇ ಎಂದೆ. ಅವಳಿಗೆ ಸಮಾಧಾನವಾದಂತೆ ಕಂಡಿತು. "ಉಮ್ಮ ಕೂಡಾ ಹಾಗೇ ಹೇಳಿದ್ದರು. ಬೇಸಿಗೆಯಲ್ಲಿ ಅಲ್ಲಿ ನೀರಿರುವುದಿಲ್ಲ, ಹೋದರೂ ಪ್ರಯೋಜನವಿಲ್ಲ ಅಂತ. ನಾವು ಬ್ಯಾಗಿನಿಂದ ಬಟ್ಟೆಯನ್ನೆಲ್ಲ ತೆಗೆದಿಟ್ಟೆವು" ಎಂದಳು.

ಮಗು ದೂರು ಹೇಳಲಿಲ್ಲ. ಅವಳ ಉಮ್ಮ ನಮ್ಮ ಮಾನವನ್ನೂ ಮಕ್ಕಳ ಮನಸ್ಸನ್ನೂ ಒಂದೇ ಮಾತಿನಲ್ಲಿ ಕಾಪಾಡಿದ್ದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿದ ತಪ್ಪಾದರೂ ಏನು? ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿರಲಿಲ್ಲ, ಯಾರನ್ನೂ ಬರಬೇಡವೆಂದಿರಲಿಲ್ಲ. ಎಲ್ಲರಿಗೂ ಒಂದೇ ಲೆಕ್ಕ ಹಾಕಿದ್ದೆ. ಹಾಗಿದ್ದರೂ ಏನೋ ಒಂದು ಹಕ್ಕು ನನ್ನಿಂದ ನಷ್ಟವಾಗಿತ್ತು. ಅದು ಯಾವ ಹಕ್ಕು ಎಂಬುದನ್ನು ನಾವೀಗ ಶಾಂತವಾಗಿ ಪರಿಶೀಲಿಸೋಣ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರವಾಸ ಹೋಗುವುದು, ಕುಟುಂಬದೊಂದಿಗೆ ನಲಿಯುವುದು ಇಸ್ಲಾಮಿನಲ್ಲಿ ದೋಷವಲ್ಲ. ಭೂಮಿಯಲ್ಲಿ ಸಂಚರಿಸಿ ಅಲ್ಲಾಹನು ಸೃಷ್ಟಿಯನ್ನು ಹೇಗೆ ಆರಂಭಿಸಿದನೆಂಬುದನ್ನು ನೋಡಿರೆಂದು ಪವಿತ್ರ ಕುರ್‌ಆನ್ ಕರೆ ನೀಡುತ್ತದೆ. ಪ್ರವಾದಿವರ್ಯರು(ಸ) ಒಂದು ಯಾತ್ರೆಯಲ್ಲಿ ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದ್ದರು. ಅಂದು ಆಯಿಶಾ(ರ) ಗೆದ್ದರು. ಕಾಲಾನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಬದಲಾಯಿತೆಂದು ವಿನೋದವಾಡಿದರು. ಮನೆಯವರ ಮುಖದಲ್ಲಿ ನಗು ಮೂಡಿಸುವುದು ಧರ್ಮನಿಷ್ಠೆಗೆ ವಿರುದ್ಧವೆಂದು ಭಾವಿಸುವವರು ಈ ಘಟನೆಯನ್ನು ನೆನಪಿಡಬೇಕು. ಆದ್ದರಿಂದ ಪ್ರವಾಸ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಕುಟುಂಬದ ಹೆಸರಿನಲ್ಲಿ ಹೊರಡುವ ಪ್ರವಾಸಕ್ಕೆ ಕುಟುಂಬದ ನ್ಯಾಯ ಅನ್ವಯಿಸಬೇಕೇ ಅಥವಾ ಅಂಗಡಿಯ ನ್ಯಾಯವೇ ಎಂಬುದು ಪ್ರಶ್ನೆ.

ಅಂಗಡಿಯಲ್ಲಿ ಸಮಾನತೆಯೇ ನ್ಯಾಯ. ಶ್ರೀಮಂತನಿಗೂ ಬಡವನಿಗೂ ಒಂದು ಕಿಲೋ ಅಕ್ಕಿಗೆ ಒಂದೇ ಬೆಲೆ. ಕೊಟ್ಟವನಿಗೆ ಸರಕು, ಕೊಡದವನಿಗಿಲ್ಲ. ಅಲ್ಲಿ ಹೀಗಿರಲೇಬೇಕು. ಆದರೆ ಮನೆ ಈ ನಿಯಮದಿಂದ ನಡೆಯುವುದಿಲ್ಲ. ದುಡಿಯುವ ಮಗನಿಗೂ ಹಾಸಿಗೆ ಹಿಡಿದ ಅಜ್ಜಿಗೂ ಅನ್ನ ಒಂದೇ ಪಾತ್ರೆಯಿಂದ ಬರುತ್ತದೆ. ತಂದವನು ಹೆಚ್ಚು ತಂದನೆಂದು ಹೆಚ್ಚು ಉಣ್ಣುವುದಿಲ್ಲ. ಮನೆಯ ನಿಯಮವೆಂದರೆ ಶಕ್ತಿಯಿದ್ದಷ್ಟು ಕೊಡುವುದು, ಸಮಾನವಾಗಿ ಹಂಚಿಕೊಳ್ಳುವುದು. ತಲೆಗಿಷ್ಟು ಎಂದು ಲೆಕ್ಕ ಹಾಕುವಾಗ ನಾವು ಇದನ್ನು ತಲೆಕೆಳಗು ಮಾಡಿರುತ್ತೇವೆ. ಸಮಾನವಾಗಿ ಕೊಡಲು ಶಕ್ತಿಯಿದ್ದವರಿಗೆ ಮಾತ್ರ ಪಾಲು ಎಂದು ಹೇಳಿರುತ್ತೇವೆ.

ಯಮನ್‌ನ ಅಶ್‌ಅರೀ ಗೋತ್ರದವರ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಒಂದು ಹದೀಸ್ ಇದೆ. ಯುದ್ಧ ಯಾತ್ರೆಯಲ್ಲಾಗಲಿ ಮದೀನಾದಲ್ಲಾಗಲಿ ಆಹಾರ ಕಡಿಮೆಯಾದಾಗ ಅವರು ತಮ್ಮಲ್ಲಿದ್ದುದನ್ನೆಲ್ಲ ಒಂದು ಬಟ್ಟೆಯಲ್ಲಿ ಒಟ್ಟು ಸೇರಿಸಿ, ಬಳಿಕ ಒಂದೇ ಅಳತೆಯ ಪಾತ್ರೆಯಿಂದ ಸಮಾನವಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿವರ್ಯರು(ಸ) ಅವರನ್ನು ಪ್ರಶಂಸಿಸಿ, ಅವರು ನನ್ನವರು, ನಾನು ಅವರವನು ಎಂಬ ಅರ್ಥದ ಮಾತನ್ನಾಡಿದರು. ಎಷ್ಟು ದೊಡ್ಡ ಗೌರವ ನೋಡಿ! ಒಳಹಾಕುವಾಗ ಯಾರದೆಷ್ಟೆಂದು ಅಳೆಯಲಿಲ್ಲ, ಹೊರತೆಗೆಯುವಾಗ ಮಾತ್ರ ಅಳೆದರು. ನಾವು ಒಳಹಾಕುವಾಗ ಪೈಸೆ ಪೈಸೆ ಅಳೆಯುತ್ತೇವೆ.

ಮತ್ತೊಂದು ಯಾತ್ರೆಯ ವೇಳೆ ಪ್ರವಾದಿವರ್ಯರು(ಸ), ಹೆಚ್ಚುವರಿ ಸವಾರಿಯಿರುವವನು ಸವಾರಿಯಿಲ್ಲದವನಿಗೆ ಕೊಡಲಿ, ಹೆಚ್ಚುವರಿ ಆಹಾರವಿರುವವನು ಇಲ್ಲದವನಿಗೆ ಕೊಡಲಿ ಎಂದು ಆದೇಶಿಸುತ್ತಾ ಒಂದೊಂದೇ ವಸ್ತುವಿನ ಹೆಸರು ಹೇಳತೊಡಗಿದರು. ಮಿಗುತೆಯಾದುದರಲ್ಲಿ ತಮಗೆ ಯಾವ ಹಕ್ಕೂ ಇಲ್ಲವೇನೋ ಎಂದು ಸಹಾಬಿಗಳಿಗೆ ಅನಿಸುವಷ್ಟು. ಅಪರಿಚಿತ ಸಹಯಾತ್ರಿಕನ ವಿಷಯದಲ್ಲೇ ಹೀಗಾದರೆ ಒಂದೇ ತಾಯಿಯ ಮಡಿಲಲ್ಲಿ ಬೆಳೆದವರ ವಿಷಯದಲ್ಲಿ ಹೇಗಿರಬೇಕು?

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು: "ಅವರಿಗೆ ಕಷ್ಟವಿದೆಯೆಂದು ನಮಗೆ ಗೊತ್ತಿರಲಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದರೆ ನಾವೇ ಕೊಡುತ್ತಿದ್ದೆವು." ನಾನೂ ಆ ರಾತ್ರಿ ನನ್ನ ಮನಸ್ಸಾಕ್ಷಿಗೆ ಇದೇ ಉತ್ತರವನ್ನು ಕೊಡಲು ನೋಡಿದೆ. ಆದರೆ ಈ ಉತ್ತರ ನಿಲ್ಲುವುದಿಲ್ಲ. ಅಲ್‌ಬಕರ ಅಧ್ಯಾಯದಲ್ಲಿ ಅಲ್ಲಾಹನು ಒಂದು ಬಗೆಯ ಬಡವರನ್ನು ವರ್ಣಿಸಿದ್ದಾನೆ. ಅವರ ಸ್ವಾಭಿಮಾನವನ್ನು ಕಂಡು ತಿಳಿಯದವನು ಅವರನ್ನು ಸ್ಥಿತಿವಂತರೆಂದೇ ಭಾವಿಸುತ್ತಾನೆ. ಅವರು ಜನರನ್ನು ಪೀಡಿಸಿ ಬೇಡುವವರಲ್ಲ. ಅವರನ್ನು ಗುರುತಿಸಬೇಕಾದುದು ಅವರ ಲಕ್ಷಣಗಳಿಂದ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಬಂದು ಹೇಳಲಿ ಎಂದು ಕುರ್‌ಆನ್ ಹೇಳುವುದಿಲ್ಲ. ಗುರುತಿಸುವ ಹೊಣೆಯನ್ನು ಅದು ನೋಡುವವನ ಮೇಲೆ ಹೊರಿಸುತ್ತದೆ. ನೋಡದೆ ಉಳಿದವನನ್ನು ಅದು ತಿಳಿಯದವನ ಸಾಲಿನಲ್ಲಿ ನಿಲ್ಲಿಸುತ್ತದೆ.

ಅರಿಯುವುದು ಕರ್ತವ್ಯವಾಗಿದ್ದಲ್ಲಿ 'ಗೊತ್ತಿರಲಿಲ್ಲ' ಎಂಬುದು ನೆಪವಾಗಲಾರದು. ದಾರಿಯಲ್ಲಿ ಹೋಗುವ ಅಪರಿಚಿತನ ಸಾಲ ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ದೋಷವಲ್ಲ. ಸ್ವಂತ ಸಹೋದರಿಯ ಅಕ್ಕಿಡಬ್ಬ ಖಾಲಿಯಾದದ್ದು ಗೊತ್ತಿಲ್ಲದಿದ್ದರೆ ಆ ಅಜ್ಞಾನವೇ ಒಂದು ಅಪರಾಧ. ಅಕ್ಕ ಹೊಲಿಗೆಯಿಂದ ಮನೆ ನಡೆಸುತ್ತಿರುವುದು ನನಗೆ ಗೊತ್ತಿತ್ತು. ಹದಿನಾರು ಸಾವಿರವೆಂದರೆ ಎಷ್ಟು ರವಿಕೆಗಳ ಕೂಲಿ ಎಂದು ಲೆಕ್ಕ ಹಾಕಲು ಒಂದು ನಿಮಿಷ ಸಾಕಿತ್ತು. ಇಡೀ ಪ್ರವಾಸದ ಲೆಕ್ಕ ಹಾಕಿದ ನಾನು ಆ ಒಂದು ಲೆಕ್ಕವನ್ನು ಮಾತ್ರ ಹಾಕಲಿಲ್ಲ. ಟ್ಯೂಷನ್‌ನ ನೆಪ ನನಗೆ ಅನುಕೂಲವಾಗಿತ್ತು, ಆದ್ದರಿಂದಲೇ ನಾನದನ್ನು ನಂಬಿದೆ. ಕೆಲವು ನೆಪಗಳನ್ನು ಹೇಳುವವರಿಗಿಂತ ಅವನ್ನು ಕೇಳಿ ಸುಮ್ಮನಾಗುವವರು ಹೆಚ್ಚು ತಪ್ಪಿತಸ್ಥರು.

ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟುಬಿಡುವ ಮದುವೆಯೂಟವು ಅತ್ಯಂತ ಕೆಟ್ಟ ಆಹಾರವೆಂದು ಹದೀಸ್‌ನಲ್ಲಿದೆ. ನಾವು ಅಕ್ಕನನ್ನು ಕರೆದಿದ್ದೆವು ನಿಜ. ಆದರೆ ಹತ್ತಲಾಗದ ಮೆಟ್ಟಿಲಿನ ಮೇಲೆ ನಿಂತು ಕರೆಯುವುದಕ್ಕೂ ಕರೆಯದಿರುವುದಕ್ಕೂ ಎಷ್ಟು ವ್ಯತ್ಯಾಸವಿದೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. "ಅವರ ಪಾಲನ್ನು ನಾವು ಕೊಡುತ್ತೇವೆಂದರೆ ಅವರು ಒಪ್ಪುವುದಿಲ್ಲ. ಅವರ ಸ್ವಾಭಿಮಾನಕ್ಕೆ ನೋವಾಗುತ್ತದೆ. ದಯೆ ತೋರಿಸಲು ಹೋಗಿ ಅವಮಾನಿಸಿದಂತಾಗುತ್ತದೆ." ಇದು ಸತ್ಯ. ಉಪಕಾರವನ್ನು ಎತ್ತಿ ಹೇಳುವುದರಿಂದಲೂ ಮನನೋಯಿಸುವುದರಿಂದಲೂ ದಾನವು ವ್ಯರ್ಥವಾಗುವುದೆಂದು ಕುರ್‌ಆನ್ ಎಚ್ಚರಿಸಿದೆ. ಗ್ರೂಪ್‌ನಲ್ಲಿ ಎಲ್ಲರ ಮುಂದೆ, ಅಕ್ಕನ ಹಣ ನಾನು ಹಾಕುತ್ತೇನೆಂದು ಬರೆಯುವವನು ಅಕ್ಕನ ಕೈಗೆ ಹಣ ಕೊಟ್ಟು ಮುಖಕ್ಕೆ ಮಸಿ ಬಳಿದಂತೆ. ಹಾಗಾದರೆ ಮಾಡುವುದೇನು?

ಇದಕ್ಕೂ ಒಂದು ಯಾತ್ರೆಯಲ್ಲೇ ಮಾದರಿಯಿದೆ. ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಯುವಕರು. ತಂದೆ ಉಹುದ್ ಯುದ್ಧದಲ್ಲಿ ಹುತಾತ್ಮರಾಗಿದ್ದರು. ಮನೆಯಲ್ಲಿ ಸಾಕಬೇಕಾದ ಸಹೋದರಿಯರಿದ್ದರು, ತಂದೆ ಬಿಟ್ಟುಹೋದ ಸಾಲವಿತ್ತು. ಒಂದು ದಂಡಯಾತ್ರೆಯಿಂದ ಮರಳುವಾಗ ಅವರ ಒಂಟೆ ಬಳಲಿ ಎಲ್ಲರಿಗಿಂತ ಹಿಂದೆ ಬಿತ್ತು. ಪ್ರವಾದಿವರ್ಯರು(ಸ) ಅವರ ಬಳಿಗೆ ಬಂದು ಒಂಟೆಯನ್ನು ಎಬ್ಬಿಸಿ ಓಡಿಸಿದರು. ಜೊತೆಯಲ್ಲಿ ಸಾಗುತ್ತಾ ಅವರ ಮದುವೆಯ ವಿಚಾರ, ಮನೆಯ ವಿಚಾರ ಕೇಳಿದರು. ಬಳಿಕ ಆ ಒಂಟೆಯನ್ನು ನನಗೆ ಮಾರುವೆಯಾ ಎಂದು ಕೇಳಿ ಬೆಲೆ ನಿಶ್ಚಯಿಸಿದರು. ಮದೀನಾ ತಲುಪಿದ ಮೇಲೆ ಜಾಬಿರ್(ರ) ಒಂಟೆಯನ್ನು ಒಪ್ಪಿಸಲು ಬಂದರು. ಪ್ರವಾದಿವರ್ಯರು(ಸ) ಬೆಲೆಯನ್ನೂ ಕೊಟ್ಟರು, ಒಂಟೆಯನ್ನೂ ಮರಳಿ ಕೊಟ್ಟರು.

ಈ ಘಟನೆಯ ಪ್ರತಿಯೊಂದು ಹೆಜ್ಜೆಯನ್ನೂ ಗಮನಿಸಿರಿ. ಹಿಂದೆ ಬಿದ್ದವನನ್ನು ಗಮನಿಸಿದ್ದು, ಜೊತೆಯಲ್ಲಿ ನಡೆದದ್ದು, ಬೇಡುವ ಮೊದಲೇ ವಿಚಾರಿಸಿದ್ದು, ಕೊಡುವಾಗ ವ್ಯಾಪಾರದ ಮರೆಯಲ್ಲಿ ಕೊಟ್ಟದ್ದು. ಜಾಬಿರ್(ರ) ಯಾಚಕರಾಗಿ ನಿಲ್ಲಬೇಕಾಗಲಿಲ್ಲ. ಸ್ವಾಭಿಮಾನಿಗೆ ಕೊಡುವ ಕಲೆಯಿದು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು.

ನಮ್ಮ ಪ್ರವಾಸಗಳಲ್ಲಿ ಇದನ್ನು ಹೇಗೆ ಅನುಸರಿಸಬಹುದು? ಮೊತ್ತವನ್ನು ನಿಗದಿಪಡಿಸುವ ಮೊದಲು ಕುಟುಂಬದಲ್ಲಿ ಅತ್ಯಂತ ಕಷ್ಟದಲ್ಲಿರುವವರ ಮನೆಗೆ ಒಬ್ಬರು ಹೋಗಿ ಅವರ ಅಭಿಪ್ರಾಯ ಕೇಳಲಿ. ಎಲ್ಲಿಗೆ, ಯಾವಾಗ, ಎಷ್ಟು ದಿನ ಎಂಬುದು ಅವರ ಅನುಕೂಲಕ್ಕೆ ತಕ್ಕಂತೆ ನಿಶ್ಚಯವಾಗಲಿ. ದುಬಾರಿ ರೆಸಾರ್ಟ್‌ನ ಬದಲು ಒಂದು ದಿನದ ಪ್ರವಾಸ ಸಾಕಾಗಬಹುದು. ವಾಹನದ ಬಾಡಿಗೆಯನ್ನು ಸ್ಥಿತಿವಂತರು ತಮ್ಮಲ್ಲೇ ಮಾತಾಡಿಕೊಂಡು ಸದ್ದಿಲ್ಲದೆ ಭರಿಸಲಿ. ಉಳಿದ ಖರ್ಚಿಗೆ ಒಂದು ಡಬ್ಬವಿರಲಿ, ಅದರಲ್ಲಿ ಯಾರು ಎಷ್ಟು ಹಾಕಿದರೆಂದು ಯಾರೂ ಬರೆದಿಡದಿರಲಿ. ಹಣ ಕೊಡಲಾಗದವರಿಂದ ಅವರಲ್ಲಿರುವುದನ್ನು ಸಂತೋಷದಿಂದ ಸ್ವೀಕರಿಸಲಿ. ಅಕ್ಕ ಮಾಡುವ ರೊಟ್ಟಿ, ಬಾವ ತರುವ ಎಳನೀರು, ಇವೂ ಪಾಲೇ. ಬಡ ಸಂಬಂಧಿಕನಿಗೆ ನೀಡುವುದರಲ್ಲಿ ದಾನದ ಪುಣ್ಯವೂ ಇದೆ, ಸಂಬಂಧ ಬೆಸೆದ ಪುಣ್ಯವೂ ಇದೆ ಎಂದು ಹದೀಸ್ ಕಲಿಸುತ್ತದೆ. ಎರಡು ಪ್ರತಿಫಲ ದೊರೆಯುವಲ್ಲಿ ಜಿಪುಣತನವೇಕೆ?

ಮೂರನೆಯ ಆಕ್ಷೇಪವೂ ಇದೆ. "ನಮ್ಮ ಕೆಲವು ಸಂಬಂಧಿಕರು ನಾವೆಷ್ಟು ಮಾಡಿದರೂ ನೆನೆಯುವುದಿಲ್ಲ. ಅವರು ಹೋಗುವಾಗ ನಮ್ಮನ್ನು ಕರೆಯುವುದೂ ಇಲ್ಲ." ಹೌದು, ಅಂತಹವರಿದ್ದಾರೆ. ಆದರೆ ಮಾಡಿದ್ದಕ್ಕೆ ಪ್ರತಿಯಾಗಿ ಮಾಡುವವನು ಸಂಬಂಧ ಬೆಸೆಯುವವನಲ್ಲ, ಕಡಿದ ಸಂಬಂಧವನ್ನು ಜೋಡಿಸುವವನೇ ನಿಜವಾಗಿ ಬೆಸೆಯುವವನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೊಟ್ಟು ಪಡೆಯುವುದಷ್ಟೇ ಆಗಿದ್ದರೆ ಅದೂ ವ್ಯಾಪಾರವೇ. ರಕ್ತ ಸಂಬಂಧಕ್ಕೆ ಬೇರೆ ಹೆಸರೇಕೆ ಬೇಕಿತ್ತು?

ಇನ್ನು ಹೊರಟ ಮೇಲಿನ ವಿಷಯ. ಯಾತ್ರೆಗೆ ಅರಬಿಯಲ್ಲಿ ಸಫರ್ ಎನ್ನುತ್ತಾರೆ. ಮನುಷ್ಯರ ಸ್ವಭಾವವನ್ನು ತೆರೆದು ತೋರಿಸುವುದರಿಂದ ಅದಕ್ಕೆ ಆ ಹೆಸರು ಬಂತೆಂದು ಇಮಾಮ್ ಗಝ್ಝಾಲಿಯವರು (1058-1111) ವಿವರಿಸಿದ್ದಾರೆ. ಮನೆಯಲ್ಲಿ ವರ್ಷಗಟ್ಟಲೆ ಅಡಗಿರುವ ಸ್ವಾರ್ಥ ಟೆಂಪೋ ಟ್ರಾವೆಲರ್‌ನ ಕಿಟಕಿ ಬದಿಯ ಸೀಟಿಗಾಗಿ ಹತ್ತೇ ನಿಮಿಷದಲ್ಲಿ ಹೊರಬರುತ್ತದೆ. ಮೂವರು ಯಾತ್ರೆ ಹೊರಟರೂ ಒಬ್ಬನನ್ನು ನಾಯಕನನ್ನಾಗಿ ಆರಿಸಿಕೊಳ್ಳಿರೆಂಬ ಪ್ರವಾದಿ ವಚನದ ಬೆಲೆ ಆಗ ಅರ್ಥವಾಗುತ್ತದೆ. ಆದರೆ ನಾಯಕನ ಸ್ಥಾನ ಎಲ್ಲಿ? ಪ್ರವಾದಿವರ್ಯರು(ಸ) ಯಾತ್ರೆಯಲ್ಲಿ ಹಿಂದೆ ಉಳಿಯುತ್ತಿದ್ದರು. ದುರ್ಬಲರನ್ನು ಮುಂದೆ ಸಾಗಿಸುತ್ತಿದ್ದರು, ಕೆಲವರನ್ನು ತಮ್ಮ ಹಿಂದೆ ಕುಳ್ಳಿರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ನಾವಾದರೋ ಮುಂದೆ ಓಡಿ ಫೋಟೋ ತೆಗೆಸಿಕೊಳ್ಳುತ್ತೇವೆ. ಮಂಡಿನೋವಿನ ದೊಡ್ಡಮ್ಮ ಮೆಟ್ಟಿಲ ಬಳಿ ಒಬ್ಬರೇ ಕುಳಿತು ಎಲ್ಲರ ಚಪ್ಪಲಿ, ಚೀಲಗಳನ್ನು ಕಾಯುತ್ತಿರುತ್ತಾರೆ.

ಮನೆಯ ಹೆಂಗಸರನ್ನೂ ಒಮ್ಮೆ ನೋಡಿರಿ. ಹೊರಡುವ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಬಿರಿಯಾನಿ ಮಾಡಿ ಕಟ್ಟಿದವರು ಅವರು, ಅಲ್ಲಿ ಬಡಿಸುವವರು ಅವರು, ಬಂದ ಮೇಲೆ ಪಾತ್ರೆ ತೊಳೆಯುವವರೂ ಅವರೇ. ಗಂಡಸರಿಗೆ ರಜೆ, ಅವರಿಗೆ ಸ್ಥಳ ಬದಲಾದ ಅಡುಗೆಮನೆ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಸೇವೆಯಲ್ಲಿರುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಈ ಸುನ್ನತನ್ನು ಪ್ರವಾಸದಲ್ಲಾದರೂ ಜೀವಂತಗೊಳಿಸಬಾರದೇ?

ವಾಹನದ ಚಾಲಕನನ್ನು ಮರೆಯಬೇಡಿ. ಅನ್ನಿಸಾ ಅಧ್ಯಾಯದಲ್ಲಿ ಮಾತಾಪಿತರು, ಬಂಧುಗಳು, ಅನಾಥರು, ನೆರೆಯವರೊಂದಿಗೆ ಪಕ್ಕದ ಸಂಗಾತಿಗೂ ಒಳಿತು ಮಾಡುವಂತೆ ಆದೇಶವಿದೆ. ಸಹಯಾತ್ರಿಕನೂ ಅದರಲ್ಲಿ ಸೇರುತ್ತಾನೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಆತ ಯಾವ ಧರ್ಮದವನೇ ಆಗಿರಲಿ, ನಮ್ಮ ಊಟದಲ್ಲಿ ಅವನ ಪಾಲಿರಲಿ, ಅವನ ನಿದ್ದೆಗೆ ಸಮಯವಿರಲಿ. ನಮಾಝಿನ ವೇಳೆಯೂ ಪ್ರವಾಸದ ಪಟ್ಟಿಯಲ್ಲಿ ಮೊದಲೇ ಸೇರಿರಲಿ. ಯಾತ್ರಿಕನಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಾಗಿ ನಿರ್ವಹಿಸುವ ರಿಯಾಯಿತಿಯನ್ನು ಅಲ್ಲಾಹನು ಕೊಟ್ಟಿರುವುದು ನಮಾಝನ್ನು ಬಿಡಲಿಕ್ಕಲ್ಲ, ಬಿಡದಿರಲಿಕ್ಕೆ.

ನಾಲಗೆಯ ಬಗ್ಗೆಯೂ ಎಚ್ಚರ ಬೇಕು. ವಿಜಯಪುರದ ಗೋಲಗುಮ್ಮಟದ ಒಳಗಿನ ಸುತ್ತುಮೊಗಸಾಲೆಯಲ್ಲಿ ಒಂದು ಬದಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕುಟುಂಬವೂ ಅಂತಹದೇ ಒಂದು ಗುಮ್ಮಟ. ಹಿಂದಿನ ಸೀಟಿನಲ್ಲಿ ಕುಳಿತು, ಇವರ ಖರ್ಚೂ ನಮ್ಮದೇ ಎಂದು ಯಾರೋ ಮೆಲ್ಲನೆ ಹೇಳಿದ ಮಾತು ಹತ್ತು ವರ್ಷ ಕಳೆದರೂ ಮಾರ್ದನಿಸುತ್ತಿರುತ್ತದೆ. ಕೊಟ್ಟ ನಾಲ್ಕು ಸಾವಿರ ಮರೆತುಹೋಗುತ್ತದೆ, ಆಡಿದ ನಾಲ್ಕು ಮಾತು ಮರೆಯುವುದಿಲ್ಲ.

ಅಂದಿನ ಘಟನೆಯ ನಂತರ ನಾನು ಅಕ್ಕನಲ್ಲಿ ಕ್ಷಮೆ ಕೇಳಿದೆ. "ಅದೆಲ್ಲ ಈಗ ಯಾಕೆ, ಚಹಾ ಕುಡಿ" ಎಂದು ಅವರು ಮಾತು ಬದಲಿಸಿದರು. ಮುಂದಿನ ಮಳೆಗಾಲದಲ್ಲಿ ಅವರನ್ನು ಕೇಳಿಯೇ ದಿನ ಗೊತ್ತುಮಾಡಿ ಎಲ್ಲರೂ ಜೋಗಕ್ಕೆ ಹೋದೆವು. ಶರಾವತಿ ತುಂಬಿ ಬೀಳುತ್ತಿತ್ತು. ಕಿರಿಯ ಮಗಳು ನನ್ನ ಕೈ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಳು. ದೊಡ್ಡ ಮಗ ಮಾತ್ರ ಬರಲಿಲ್ಲ. ಅವನು ಓದು ನಿಲ್ಲಿಸಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವನಿಗೆ ರಜೆ ಸಿಕ್ಕಿರಲಿಲ್ಲ. ಕಳೆದುಹೋದ ಕೆಲವನ್ನು ಮರಳಿ ಕೊಡಲಾಗುವುದಿಲ್ಲ ಎಂಬುದನ್ನೂ ನಾನು ಅಂದು ಕಲಿತೆ.

ಪ್ರಿಯ ಓದುಗರೇ, ಮುಂದಿನ ರಜೆಯಲ್ಲಿ ನಿಮ್ಮ ಕುಟುಂಬವೂ ಎಲ್ಲಿಗಾದರೂ ಹೊರಡಬಹುದು. ಹೊರಡುವ ಮೊದಲು ಒಮ್ಮೆ ಎಣಿಸಿರಿ. ಬರುವವರನ್ನಲ್ಲ, ಬಾರದವರನ್ನು. ಯಾರು ಏನು ನೆಪ ಹೇಳಿದರು? ಆ ನೆಪದ ಹಿಂದೆ ಏನಿದೆ? ಯಾರ ಮನೆಯಲ್ಲಿ ತುಂಬಿದ ಚೀಲದಿಂದ ಬಟ್ಟೆಗಳನ್ನು ಮರಳಿ ತೆಗೆದಿಡಲಾಗುತ್ತಿದೆ? ಇದನ್ನು ವಿಚಾರಿಸದೆ ಹೊರಟ ವಾಹನ ಜೋಗವನ್ನು ತಲುಪೀತು, ಊಟಿಯನ್ನೂ ತಲುಪೀತು. ಅಲ್ಲಾಹನ ಸಂಪ್ರೀತಿಗೆ ಅದು ನಮ್ಮನ್ನು ತಲುಪಿಸಲಾರದು. ರಕ್ತ ಸಂಬಂಧಗಳ ವಿಷಯದಲ್ಲಿ ನಾವೆಲ್ಲರೂ ಅವನ ಮುಂದೆ ಉತ್ತರಿಸಬೇಕಾದವರು.

ನಮ್ಮ ಕಣ್ಣೆದುರಿಗಿರುವವರನ್ನು ಕಾಣುವ ಕಣ್ಣನ್ನೂ, ಕೊಟ್ಟದ್ದನ್ನು ಮರೆಯುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ, ಆಮೀನ್.